ನೋಡುವವನ ಪಾಲು

ಕಾವ್ಯದಿಂದಾಗುವ ಪ್ರಯೋಜನವೇನೆಂದು ಯಾರಾದರೂ ಕೇಳಿದರೆ ನಿದ್ದೆಗಣ್ಣಿನಲ್ಲಿಯೂ ತಡವರಿಸದೆ ಉತ್ತರ ಹೇಳಬಲ್ಲವರಲ್ಲಿ ನಾನೂ ಒಬ್ಬನು. ಮೂವತ್ತು ವರ್ಷಗಳಿಗೆ ಮಿಕ್ಕು ಸಂಸ್ಕೃತದ ಪಾಠ ಹೇಳಿ ಈಚೆಗೆ ನಿವೃತ್ತನಾದವನು. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ, ಪುರಾಣವು ಸ್ನೇಹಿತನಂತೆ ಬುದ್ಧಿ ಹೇಳುತ್ತದೆ, ಕಾವ್ಯವಾದರೋ ಕಾಂತೆಯಂತೆ ಒಲಿಸಿಕೊಂಡು ತಿಳಿಯಪಡಿಸುತ್ತದೆ ಎಂಬ ಮಮ್ಮಟಾದಿ ಆಲಂಕಾರಿಕರ ಮತವನ್ನು ಕರಿಹಲಗೆಯ ಮೇಲೆ ಮೂರು ಸಾಲಾಗಿ ಬರೆದು, ಮಕ್ಕಳಿಂದ ಬರೆಯಿಸಿ, ಬಾಯಿಪಾಠ ಮಾಡಿಸಿದ್ದೇನೆ. ಬರೆಯಿಸಿದವನೇನೋ ಹೌದು; ನಂಬಿದವನಲ್ಲ. ಲೋಕವು ತಿದ್ದುವುದಾದರೆ ಕಾನೂನಿನಿಂದ ತಿದ್ದಬೇಕು, ಇಲ್ಲವೆ ಬೆತ್ತದಿಂದ ತಿದ್ದಬೇಕು. ಕಲೆಯೆಂಬುದು ಊಟವಾದ ಮೇಲಿನ ಎಲೆಯಡಿಕೆಯೆಂದೇ ನನ್ನ ಮನಸ್ಸಿನ ಒಳಗಣ ಅಭಿಪ್ರಾಯವಾಗಿತ್ತು.

ಆದ್ದರಿಂದ ಸಂಜೆಯ ಹೊತ್ತು ನಮ್ಮ ಜಗುಲಿಗೆ ಬಂದು ಕೂಡುವ ಸ್ನೇಹಿತರೊಬ್ಬರು, “ಮೇಷ್ಟ್ರೇ, ಈ ಚಿತ್ರ, ಬೊಂಬೆ, ನಾಟಕ ಇವುಗಳಿಂದ ಲೋಕದಲ್ಲಿ ಏನಾದರೂ ಬದಲಾಗಿದೆಯೆ?” ಎಂದು ಕೇಳಿದಾಗ, ಶಾಸ್ತ್ರವನ್ನು ಬಿಟ್ಟು ನಾನೂ ಅವರೊಡನೆ ನಕ್ಕುಬಿಟ್ಟೆನು. ಅವರು ಲೆಕ್ಕಪತ್ರಗಳಲ್ಲಿಯೇ ಆಯುಸ್ಸನ್ನು ಕಳೆದವರು; ಆದಾಯ ವೆಚ್ಚಗಳನ್ನು ಕಾಣಿಸದ ಯಾವ ಮಾತನ್ನೂ ಒಪ್ಪುವವರಲ್ಲ. ಆ ನಗೆಗೆ ನಾನು ಬೆಲೆ ತೆರಬೇಕಾಗಿ ಬಂದ ಬಗೆಯನ್ನು ವಾಚಕರಿಗೆ ಅರಿಕೆ ಮಾಡಬೇಕೆಂದಿದ್ದೇನೆ.

ಮೊದಲು ನಗೆಯ ಸಂಗತಿಯನ್ನೇ ಹೇಳುತ್ತೇನೆ. ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ನೀರಿನ ಕೊಳವೆ ಒಡೆದು ದೊಡ್ಡದೊಂದು ಗುಂಡಿಯಾಗಿತ್ತು. ಅದು 12 ಅಡಿಗಳಷ್ಟು ಉದ್ದವೆಂದು ಪತ್ರಿಕೆಗಳು ಬರೆದವು. ಗಾಡಿಗಳು ಬಳಸಿಕೊಂಡು ಹೋಗುತ್ತಿದ್ದವು, ಜನರು ಬೈದುಕೊಂಡು ಹೋಗುತ್ತಿದ್ದರು. ಗುಂಡಿ ಮಾತ್ರ ಇದ್ದಂತೆಯೇ ಇತ್ತು. ಮೈಸೂರಿನವರಾಗಿ, ಅಲ್ಲಿಯ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಿದ ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು 2015ರ ಜೂನ್ ತಿಂಗಳಲ್ಲಿ ಒಂದು ದಿನ, ತಮ್ಮ ಕೈಯಿಂದ ಸುಮಾರು 6,000 ರೂಪಾಯಿ ಹಾಕಿ ಮಾಡಿದ ಮೊಸಳೆಯೊಂದನ್ನು ತಂದು ಆ ನೀರಿನಲ್ಲಿ ಬಿಟ್ಟರು. ಜೀವವಿದ್ದಂತೆಯೇ ತೋರುವ ಬೊಂಬೆಮೊಸಳೆ. ದಾರಿಹೋಕರು ನಿಂತರು, ಮಕ್ಕಳು ಕೇಕೆ ಹಾಕಿದರು, ಕೈಯಲ್ಲಿ ಫೋನಿದ್ದವರೆಲ್ಲರೂ ಪಟ ತೆಗೆದು ನಾಲ್ಕು ಕಡೆಗೆ ಕಳುಹಿಸಿದರು. ಕೆಲವೇ ದಿನಗಳೊಳಗಾಗಿ ಗುಂಡಿ ಮುಚ್ಚಿತು.

ಅದೇ ಕಲಾವಿದರು 2019ರ ಸೆಪ್ಟೆಂಬರ್ ಮೊದಲಲ್ಲಿ ಇನ್ನೊಂದು ಕೆಲಸ ಮಾಡಿದರು. ಚಂದ್ರಯಾನ-2 ಚಂದ್ರನನ್ನು ಸಮೀಪಿಸುತ್ತಿದ್ದ ದಿನಗಳವು. ದೇಶವೆಲ್ಲವೂ ಆಕಾಶವನ್ನು ನೋಡುತ್ತಿತ್ತು. ಹೇರೋಹಳ್ಳಿಯ ಕಡೆಯ ತುಂಗಾನಗರದ ರಸ್ತೆಯಲ್ಲಿ, ರಾತ್ರಿಯ ಹೊತ್ತು, ಗಗನಯಾತ್ರಿಯ ಉಡುಪು ತೊಟ್ಟ ನಟರೊಬ್ಬರು ಚಂದ್ರಲೋಕದಲ್ಲಿ ನಡೆಯುವವರಂತೆ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಾರೆ. ಹಳ್ಳ ದಿಣ್ಣೆಗಳನ್ನು ನೋಡಿ, ಇದು ಚಂದ್ರನ ನೆಲವೇ ಸರಿಯೆಂದು ನಾವು ಬೆರಗಾಗುತ್ತಿರುವಾಗ ಪಕ್ಕದಲ್ಲಿ ಒಂದು ಆಟೋ ಹಾದುಹೋಗುತ್ತದೆ! ಅದು ನಮ್ಮ ಬೆಂಗಳೂರಿನ ಬೀದಿ. ಆ ರಸ್ತೆಗೂ ಕೂಡಲೇ ರಿಪೇರಿಯ ಭಾಗ್ಯ ಬಂದಿತು.

ಇಂಥ ಕಲೆಗೆ ಇಂಗ್ಲಿಷಿನಲ್ಲಿ ಇನ್‌ಸ್ಟಲೇಷನ್ ಎಂದು ಹೆಸರು. ಕನ್ನಡದಲ್ಲಿ ಬಲ್ಲವರು ಇದನ್ನು ಪ್ರತಿಷ್ಠಾಪನ ಕಲೆಯೆಂದು ಕರೆದಿದ್ದಾರೆ. ಹಳೆಯ ಅಭ್ಯಾಸಬಲದಿಂದ ನಾನು ಆ ಪದವನ್ನು ಬಿಡಿಸಿ ನೋಡಿದೆನು. ನಮ್ಮಲ್ಲಿ ವಿಗ್ರಹವನ್ನು ಪೀಠದ ಮೇಲೆ ಕೂರಿಸಿದ ಮಾತ್ರಕ್ಕೆ ಅದು ದೇವರಾಗುವುದಿಲ್ಲ, ಪ್ರಾಣಪ್ರತಿಷ್ಠೆಯಾಗಬೇಕು. ಈ ಹೊಸ ಬಗೆಯ ಕಲೆಯಲ್ಲಿ ವಸ್ತುವನ್ನು ಇಡುವವನು ಕಲಾವಿದನಾದರೂ ಪ್ರಾಣವನ್ನು ತುಂಬುವವನು ನೋಡುವವನು. ಗೋಡೆಗೆ ತೂಗುಹಾಕಿದ ಪಟವು ಯಾರೂ ನೋಡದಿದ್ದರೂ ಪಟವೇ. ಆದರೆ ಯಾರೂ ನಿಲ್ಲದ, ಯಾರೂ ನಗದ ರಸ್ತೆಯಲ್ಲಿ ಆ ಮೊಸಳೆಯು ಬರಿಯ ಕಸವಾಗುತ್ತಿತ್ತು. ಕಲೆಯು ಅಲ್ಲಿ ನೋಡುವವನಿಗೆ ಒಂದು ಪಾಲನ್ನು ಕೊಡುತ್ತದೆ. ಅವನು ತನ್ನ ಪಾಲಿನ ಕೆಲಸವನ್ನು ಮಾಡಿದರೆ ಮಾತ್ರ ಅದು ಪೂರ್ಣವಾಗುತ್ತದೆ.

ಇದು ನಮಗೆ ತೀರ ಹೊಸದೆಂದೂ ಹೇಳಲಾರೆನು. ನಮ್ಮ ಬೀರೂರಿನಲ್ಲಿ ದಸರೆಯ ಸಮಯದಲ್ಲಿ ಮೈಲಾರಲಿಂಗನ ಕಾರ್ಣಿಕವಾಗುತ್ತದೆ. ಸೇರಿದ ಜನಸ್ತೋಮವೆಲ್ಲವೂ ಸದ್ದಡಗಿ ನಿಂತಿರುವಾಗ ಗೊರವಯ್ಯನು ನಾಲ್ಕಾರು ಮಾತುಗಳನ್ನು ಮಾತ್ರ ನುಡಿಯುತ್ತಾನೆ. ಆ ಮಾತಿಗೆ ಮಳೆಯ ಅರ್ಥವನ್ನು ರೈತನು ಹೇಳಿಕೊಳ್ಳುತ್ತಾನೆ, ಧಾರಣೆಯ ಅರ್ಥವನ್ನು ವರ್ತಕನು, ರಾಜ್ಯಭಾರದ ಅರ್ಥವನ್ನು ಪತ್ರಿಕೆಯವನು. ನುಡಿದವನದು ಅರೆಪಾಲು, ಕೇಳಿದವರದು ಅರೆಪಾಲು. ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೂ ಇಂಥದೊಂದು ಕಥೆಯುಂಟು. ದೇವತೆಗಳು ದೈತ್ಯರನ್ನು ಜಯಿಸಿದುದನ್ನೇ ವಸ್ತುವಾಗಿ ಮಾಡಿಕೊಂಡು ಮೊತ್ತಮೊದಲನೆಯ ನಾಟಕವನ್ನಾಡಿದಾಗ, ನೋಡಲು ಬಂದಿದ್ದ ದೈತ್ಯರು ಅದು ತಮ್ಮ ಕಥೆಯೆಂದರಿತು ಕ್ರುದ್ಧರಾಗಿ, ನಟರ ಮಾತನ್ನೂ ಚಲನೆಯನ್ನೂ ಸ್ತಂಭನಗೊಳಿಸಿದರಂತೆ. ನಾಟಕವೆಂಬುದು ಹುಟ್ಟಿದ ದಿನವೇ ನೋಡುವವನು ತನ್ನನ್ನು ಅದರೊಳಗೆ ಕಂಡುಕೊಂಡನು. ಕಂಡವನು ಸುಮ್ಮನೆ ಕುಳಿತಿರಲಾರದೆ ಹೋದನು. ಈ ಕಥೆಯನ್ನು ನಾನು ಎಷ್ಟು ಸಾರಿ ಪಾಠ ಹೇಳಿದ್ದೆನೋ! ಅದರಲ್ಲಿ ನನಗೂ ಒಂದು ಪಾತ್ರವಿರಬಹುದೆಂದು ಮಾತ್ರ ಎಂದೂ ತೋರಲಿಲ್ಲ.

ಇದೆಲ್ಲವನ್ನೂ ನಮ್ಮ ಸ್ನೇಹಿತರಿಗೆ ವಿವರಿಸಿ ಹೇಳಿದೆನು. ಅವರು ನಿಧಾನವಾಗಿ ಕೇಳಿ, “ಮೊಸಳೆಯಿದ್ದ ಗುಂಡಿ ಮುಚ್ಚಿತು, ಸರಿ. ಮೊಸಳೆಯಿಲ್ಲದ ಗುಂಡಿಗಳ ಗತಿಯೇನು? ಊರಿಗೆಲ್ಲ ಮೊಸಳೆ ಮಾಡಿಕೊಡುವವರು ಯಾರು? ಮುಂದಿನ ಮಳೆಗಾಲಕ್ಕೆ ಅದೂ ಮತ್ತೆ ಬಾಯಿ ತೆರೆಯದೆ ಇದ್ದೀತೆ?” ಎಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ನನಗೆ ಉತ್ತರ ತೋರಲಿಲ್ಲ. ಆ ಉತ್ತರವು ನನಗೆ ಗ್ರಂಥಗಳಲ್ಲಿ ಸಿಕ್ಕಲಿಲ್ಲ. ನಮ್ಮ ಮನೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು.

ಕಳೆದ ದೀಪಾವಳಿಗೆ ನಮ್ಮ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅಲ್ಲಿ ಕೆಲಸದಲ್ಲಿದ್ದಾಳೆ. ಹಬ್ಬದ ಸಂಜೆ ದೀಪಗಳನ್ನಿಟ್ಟು ಬಂದು ಕುಳಿತಾಗ ನಾನು ಮೊಸಳೆಯ ಕಥೆಯನ್ನೂ ಸ್ನೇಹಿತರ ಆಕ್ಷೇಪಣೆಯನ್ನೂ ಹೇಳಿದೆನು. ಅವಳು, “ಇದನ್ನು ನೋಡಪ್ಪ,” ಎಂದು ತನ್ನ ಫೋನಿನಲ್ಲಿ ಕೆಲವು ಪಟಗಳನ್ನು ತೋರಿಸಿದಳು. ಸಾಲಾಗಿ ತೂಗುಹಾಕಿದ ಹೆಂಗಸರ ಬಟ್ಟೆಗಳು. ಎಲ್ಲರೂ ದಿನವೂ ಉಡುವಂಥವು, ತೊಡುವಂಥವು. “ಇದೇನಮ್ಮ, ಒಗೆದು ಒಣಗಹಾಕಿದಂತಿದೆ! ಇದೂ ಕಲೆಯೊ?” ಎಂದು ನಾನು ನಕ್ಕೆನು. ಅವಳು ನಗಲಿಲ್ಲ.

ಅವಳು ಹೇಳಿದ್ದಿಷ್ಟು. 2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ವಿದ್ಯಾರ್ಥಿನಿಯಾಗಿದ್ದ ಜಸ್ಮೀನ್ ಪಥೇಜಾ ಎಂಬ ಕಲಾವಿದೆಯು ‘ಬ್ಲ್ಯಾಂಕ್ ನಾಯ್ಸ್’ ಎಂಬ ಕಾರ್ಯವನ್ನು ಆರಂಭಿಸಿದಳು. ಬೀದಿಯಲ್ಲಿ, ಬಸ್ಸಿನಲ್ಲಿ, ಜನಸಂದಣಿಯಲ್ಲಿ ಹೆಣ್ಣುಮಕ್ಕಳ ಮೇಲೆ ನಡೆಯುವ ಕೀಟಲೆಯನ್ನು, ಹಾಗೆಂದು ಹಗುರಾಗಿ ಕರೆದು ನಾವು ಬಿಟ್ಟುಬಿಡುವ ಹಿಂಸೆಯನ್ನು, ಕಲೆಯ ಮೂಲಕ ಎದುರಿಸುವುದು ಅದರ ಉದ್ದೇಶ. ಅದರಲ್ಲಿ ಒಂದು ಅಂಗವಿದೆ. ‘ನಾನಿದನ್ನು ಎಂದೂ ಬೇಡಿದವಳಲ್ಲ’ ಎಂದು ಅದರ ಇಂಗ್ಲಿಷ್ ಹೆಸರಿನ ತಾತ್ಪರ್ಯ. ಅಂಥ ಕಾಟಕ್ಕೆ ಒಳಗಾದ ದಿನ ತಾನು ತೊಟ್ಟಿದ್ದ ಉಡುಪನ್ನು ಹೆಂಗಸು ತಂದು ಕೊಡುತ್ತಾಳೆ. ಆ ಉಡುಪೇ ಅಲ್ಲಿ ಸಾಕ್ಷಿ. ‘ನೀನು ಏನು ಉಟ್ಟಿದ್ದೆ?’ ಎಂದು ಲೋಕವು ಕೇಳುವ ಪ್ರಶ್ನೆಗೆ ಆ ಬಟ್ಟೆಗಳ ಸಾಲು ಒಂದು ಮಾತನ್ನೂ ಆಡದೆ ಉತ್ತರ ಹೇಳುತ್ತದೆ. ಬಟ್ಟೆ ಕೊಡುವವರಿಲ್ಲದೆ ಆ ಕಲೆಯೇ ಇಲ್ಲ.

ಇಷ್ಟನ್ನು ಹೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನನ್ನದೂ ಒಂದಿದೆ ಅಪ್ಪ. ಆ ಹಳದಿಯದು,” ಎಂದಳು.

ಹಳದಿಯ ಆ ಚೂಡಿದಾರವು ನನಗೆ ಚೆನ್ನಾಗಿ ನೆನಪಿತ್ತು. 2010ರ ದೀಪಾವಳಿಗೆ ಕಡೂರಿನ ಅಂಗಡಿಯಲ್ಲಿ ನಾನೇ ಆರಿಸಿ ತಂದುದು. ಆಗ ಅವಳು ದಿನವೂ ಪಕ್ಕದ ಊರಿನ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಎರಡು ಸಲವೋ ಮೂರು ಸಲವೋ ತೊಟ್ಟಳು. ಆಮೇಲೆ ಅದನ್ನು ಮುಟ್ಟಲಿಲ್ಲ. ದುಡ್ಡಿನ ಬೆಲೆ ತಿಳಿಯದವಳೆಂದು ನಾನು ಗದರಿದೆನು. ಮನೆಗೆ ಬಂದ ನೆಂಟರ ಮುಂದೆ, “ನಮ್ಮ ಮಗಳ ಮರ್ಜಿ ಚಂದ್ರನ ಕಳೆಯಂತೆ ದಿನಕ್ಕೊಂದು,” ಎಂದು ಹಾಸ್ಯವನ್ನೂ ಮಾಡಿದೆನು. ಅವಳು ಒಂದು ಮಾತನ್ನೂ ಆಡಿರಲಿಲ್ಲ.

ಆ ದಿನ ಏನು ನಡೆಯಿತೆಂಬುದನ್ನು ಅವಳು ನಾಲ್ಕೇ ಮಾತಿನಲ್ಲಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಜನ ಕಿಕ್ಕಿರಿದ ಗಾಡಿ, ಸಂಜೆಯ ಹೊತ್ತು, ಗುರುತಿಲ್ಲದ ಒಬ್ಬ ಮನುಷ್ಯ. ಸುತ್ತಲೂ ಅಷ್ಟು ಜನರಿದ್ದೂ ಯಾರೂ ನೋಡಲಿಲ್ಲ, ಅಥವಾ ನೋಡಿದವರು ನೋಡದಂತಿದ್ದರು. ಅವಳು ದಾರಿಯಲ್ಲಿಯೇ ಇಳಿದುಬಿಟ್ಟು, ಬೇರೆ ಗಾಡಿ ಹಿಡಿದು, ತಡವಾಗಿ ಮನೆಗೆ ಬಂದಳು. ಬಾಗಿಲಲ್ಲಿ ನಾನು ನಿಂತಿದ್ದೆನಂತೆ. “ಯಾಕೆ ಇಷ್ಟು ಹೊತ್ತು?” ಎಂದು ಕೇಳಿದೆನಂತೆ. ಅವಳು ಬಾಯಿ ತೆರೆಯುವಷ್ಟರಲ್ಲಿಯೇ, “ಹೆಣ್ಣುಮಕ್ಕಳು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು,” ಎಂದೆನಂತೆ.

ಅವಳು ತೆರೆದ ಬಾಯನ್ನು ಮುಚ್ಚಿಕೊಂಡಳು. ಮತ್ತೆ ತೆರೆಯುವುದಕ್ಕೆ ಹದಿನೈದು ವರ್ಷ ಹಿಡಿಯಿತು.

ಅಡಿಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. “ನನಗೆ ಗೊತ್ತಿತ್ತು,” ಎಂದಳು.

“ನನಗೇಕೆ ಹೇಳಲಿಲ್ಲ?”

“ಹೇಳಿದ್ದರೆ ನೀವು ಅವಳಿಗೆ ಕಾಲೇಜು ಬಿಡಿಸಿಬಿಡುತ್ತಿದ್ದಿರಿ.”

ಇಲ್ಲವೆನ್ನಲು ಹೊರಟೆನು. ಮಾತು ಬರಲಿಲ್ಲ. ಬಿಡಿಸುತ್ತಿದ್ದೆನೆಂದೇ ಈಗಲೂ ನನಗೆ ತೋರುತ್ತದೆ. ಬಿಡಿಸಿ, ಅದನ್ನು ಮಗಳ ಕ್ಷೇಮವೆಂದೂ ಕರೆಯುತ್ತಿದ್ದೆನು. ಅವಳ ಇಂದಿನ ವಿದ್ಯೆ, ಕೆಲಸ, ಅವಳದೆಂಬ ಬದುಕು ಇವೆಲ್ಲವೂ ತಾಯಿಯೂ ಮಗಳೂ ನನ್ನಿಂದ ಮುಚ್ಚಿಟ್ಟ ಒಂದು ಗುಟ್ಟಿನ ಮೇಲೆ ನಿಂತಿದ್ದುವು.

ಸ್ವಲ್ಪ ಹೊತ್ತಾದ ಮೇಲೆ ನನ್ನ ಹೆಂಡತಿ, ಯಾರನ್ನೂ ನೋಡದೆ, “ನನ್ನದೊಂದು ಹಸಿರು ಸೀರೆಯಿತ್ತು. ಮದುವೆಗೆ ಮುಂಚಿನ ಮಾತು. ಪಾತ್ರೆ ಮಾರುವವಳಿಗೆ ಅದನ್ನು ಹಾಕಿ ಒಂದು ಸ್ಟೀಲ್ ಡಬರಿ ತೆಗೆದುಕೊಂಡೆ,” ಎಂದಳು. ಮಗಳು ಎದ್ದುಹೋಗಿ ತಾಯಿಯ ಪಕ್ಕದಲ್ಲಿ ಕುಳಿತಳು. ಆಕೆಯೊಡನೆ ಮೂವತ್ತೈದು ವರ್ಷ ಸಂಸಾರ ಮಾಡಿದ ನಾನು ಆ ಸೀರೆಯ ಮಾತನ್ನು ಅಂದೇ ಮೊದಲು ಕೇಳಿದ್ದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಮೂರು ಸಾಲುಗಳು ಕಣ್ಣಿಗೆ ಕಟ್ಟಿದವು. ಮನೆಯಲ್ಲಿ ನಾನು ಪ್ರಭುವಿನಂತೆ ಆಜ್ಞೆ ಮಾಡಿದೆನು; ಅದರಿಂದ ಮಗಳ ಬಾಯಿ ಮುಚ್ಚಿತು. ಎಲ್ಲಿಯೋ ತೂಗುಹಾಕಿದ ಬಟ್ಟೆಗಳ, ಅಂಗೈಯಗಲದ ಪಟವೊಂದು ಯಾರನ್ನೂ ಗದರದೆ, ಯಾರಿಗೂ ಉಪದೇಶ ಮಾಡದೆ, ‘ನಿನ್ನದೂ ಇದೆಯೆ?’ ಎಂದು ಮಾತ್ರ ಕೇಳಿತು. ಅದರಿಂದ ಒಂದೇ ಸಂಜೆಯಲ್ಲಿ ಇಬ್ಬರ ಬಾಯಿ ತೆರೆಯಿತು. ಕಾಂತಾಸಮ್ಮಿತವೆಂಬ ಪದಕ್ಕೆ ಅರ್ಥ ತಿಳಿಯಬೇಕಾದರೆ ನಾನು ನಿವೃತ್ತನಾಗಬೇಕಾಯಿತು.

ಸ್ನೇಹಿತರ ಪ್ರಶ್ನೆಗೆ ಈಗ ನನ್ನ ಉತ್ತರವಿದು. ಕಲೆಯು ಗುಂಡಿಯನ್ನು ಮುಚ್ಚುವುದಿಲ್ಲ. ಮುಚ್ಚುವುದಕ್ಕೆ ಜಲ್ಲಿ ಬೇಕು, ಟಾರು ಬೇಕು, ಆಳು ಬೇಕು; ಹೆಣ್ಣುಮಕ್ಕಳ ರಕ್ಷಣೆಗೆ ಕಾನೂನೂ ಬೇಕು, ಅದನ್ನು ನಡೆಸುವವರೂ ಬೇಕು. ಆದರೆ ದಿನವೂ ಗುಂಡಿಯನ್ನು ಬಳಸಿಕೊಂಡು ಹೋಗಿ ಅಭ್ಯಾಸವಾದವನಿಗೆ ಅದು ಕಾಣುವುದೇ ಇಲ್ಲ. ಕಲೆಯು ಅವನನ್ನು ನಿಲ್ಲಿಸುತ್ತದೆ, ಕಾಣಿಸುತ್ತದೆ, ಕಂಡ ಮೇಲೆ ಕಾಣದವನಂತೆ ನಡೆಯಲು ಬಿಡುವುದಿಲ್ಲ. ಮಿಕ್ಕುದು ನೋಡುವವನ ಪಾಲು. ಗಾಡಿಯಲ್ಲಿದ್ದ ಆ ಮನುಷ್ಯನು ಬದಲಾದನೋ ಇಲ್ಲವೋ ನಾನರಿಯೆ. ಬದಲಾಗಬೇಕಾದವನು ಅವನೊಬ್ಬನೇ ಅಲ್ಲವೆಂಬುದನ್ನು ಮಾತ್ರ ಬಲ್ಲೆನು.

ನಿವೃತ್ತನಾದ ಮೇಲೂ ಆಗಾಗ ಶಾಲೆಗಳವರು ನನ್ನನ್ನು ನಾಲ್ಕು ಮಾತು ಹೇಳಲು ಕರೆಯುವುದುಂಟು. ಮೊದಲಾಗಿದ್ದರೆ ಹುಡುಗಿಯರ ಕಡೆಗೆ ತಿರುಗಿ, ಉಡುಪು, ನಡೆ, ಹೊತ್ತಿಗೆ ಸರಿಯಾಗಿ ಮನೆ ಸೇರುವುದು, ಇವುಗಳನ್ನು ಕುರಿತು ಹೇಳುತ್ತಿದ್ದೆನು. ಈಗ ಹುಡುಗರನ್ನು ಮುಂದೆ ಕೂರಿಸಿಕೊಂಡು ಮಾತನಾಡುತ್ತೇನೆ.

ಹಬ್ಬ ಮುಗಿದು ಮಗಳು ಹೊರಟಳು. ಪೆಟ್ಟಿಗೆಯ ತಳದಿಂದ ಆ ಹಳದಿಯ ಉಡುಪನ್ನು ತೆಗೆದು, ಬಟ್ಟೆಗಳ ಆ ಸಾಲಿಗೆ ಕೊಡುವೆನೆಂದು ಚೀಲದಲ್ಲಿಟ್ಟುಕೊಂಡಿದ್ದಳು. ಬೀರೂರು ಜಂಕ್ಷನ್ನಿನವರೆಗೆ ನಾನು ಜೊತೆಯಲ್ಲಿ ಹೋದೆನು. “ಭಾರವೇನಿಲ್ಲಪ್ಪ, ನಾನೇ ಹಿಡಿದುಕೊಳ್ಳುತ್ತೇನೆ,” ಎಂದಳು. ಗಾಡಿ ಬರುವವರೆಗೂ ಆ ಚೀಲವನ್ನು ನಾನೇ ಹಿಡಿದು ನಿಂತಿದ್ದೆನು.

ಈ ಬರಹವನ್ನು ಮಗಳಿಗೂ ನನ್ನ ಹೆಂಡತಿಗೂ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಕಳುಹಿಸುತ್ತಿದ್ದೇನೆ. ವಾಚಕರಲ್ಲಿ ತಂದೆಯರಾದವರಿಗೆ ಒಂದೇ ವಿಜ್ಞಾಪನೆ. ಮಗಳು ತೊಡದೆ ಬಿಟ್ಟ ಬಟ್ಟೆಯೊಂದು ಕಣ್ಣಿಗೆ ಬಿದ್ದರೆ, ಅದರ ಬೆಲೆಯ ಮಾತನ್ನೆತ್ತುವ ಮೊದಲು ಕಾರಣವನ್ನು ಕೇಳಿರಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಸುಮ್ಮನಿರಿ.