ಕೊಪ್ಪರಿಗೆಯೂ ಕೊಳವೆಯೂ

ಮದುವೆಮನೆಯ ಕೊಪ್ಪರಿಗೆಯಲ್ಲಿ ಪಾಯಸ ಕುದಿಯುವುದನ್ನು ವಾಚಕರು ಕಂಡೇ ಇರುತ್ತೀರಿ. ಇಬ್ಬರು ಆಳುಗಳು ಬೆವರೊರಸಿಕೊಳ್ಳುತ್ತ ಸಟ್ಟುಗ ತಿರುವುತ್ತಲೇ ಇರಬೇಕು. ಒಂದು ಗಳಿಗೆ ಮೈಮರೆತರೆ ತಳ ಹತ್ತಿತೆಂದೇ ಲೆಕ್ಕ. ಅದೇ ಪಾಯಸವನ್ನು ಮನೆಯಾಕೆ ಪುಟ್ಟ ಪಾತ್ರೆಯಲ್ಲಿ, ನೆರೆಯವರೊಡನೆ ಮಾತನಾಡುತ್ತಲೇ ಮಾಡಿ ಇಳಿಸುತ್ತಾಳೆ. ಪಾತ್ರೆ ಹಿಗ್ಗಿದಷ್ಟೂ ಕಾವು ಹತೋಟಿ ತಪ್ಪುತ್ತದೆ. ರಸಾಯನಶಾಸ್ತ್ರಜ್ಞರ ತಲೆನೋವೂ ಇದೇ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ಕೇಳಬಹುದು. ನನ್ನ ತಮ್ಮ ಔಷಧದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ರಾತ್ರಿಯ ಪಾಳಿ ಬಂದ ದಿನ ನಮ್ಮ ಅಮ್ಮನಿಗೆ ನಿದ್ರೆಯಿಲ್ಲ. ರಸಾಯನಶಾಸ್ತ್ರ ಆಕೆಗೆ ತಿಳಿಯದು; ಸಾವಿರಾರು ಲೀಟರಿನ ಪಾತ್ರೆಯ ಬಳಿ ಮಗ ನಿಂತಿರುತ್ತಾನೆಂಬುದಷ್ಟೇ ತಿಳಿದಿದೆ.

ಆಕೆಯ ಅಂಜಿಕೆ ಹುರುಳಿಲ್ಲದ್ದಲ್ಲ. 1864ರ ಸೆಪ್ಟೆಂಬರ್ 3ರಂದು ಸ್ಟಾಕ್‌ಹೋಮಿನಲ್ಲಿ ಆಲ್ಫ್ರೆಡ್ ನೊಬೆಲನ ನೈಟ್ರೋಗ್ಲಿಸರಿನ್ ಕಾರ್ಯಾಗಾರ ಸಿಡಿಯಿತು; 20 ವರ್ಷದ ತಮ್ಮ ಎಮಿಲ್ ಸತ್ತವರಲ್ಲೊಬ್ಬ. ಮುಂದೆ ಸ್ಕಾಟ್ಲೆಂಡಿನ ಆರ್ಡೀರ್ ಕಾರ್ಖಾನೆಯಲ್ಲಿ ಉಷ್ಣಮಾಪಕವನ್ನು ನೋಡುತ್ತ ಕೂರುವ ಕಾವಲಿನವನಿಗೆ ಒಂದೇ ಕಾಲಿನ ಸ್ಟೂಲನ್ನು ಕೊಡುತ್ತಿದ್ದರು. ತೂಕಡಿಸಿದರೆ ಬಿದ್ದು ಎಚ್ಚರಗೊಳ್ಳಲಿ ಎಂದು!

ಇದರ ಹಿಂದೆ ಸರಳವಾದೊಂದು ಲೆಕ್ಕವಿದೆ. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಸಿದರೆ ಒಳಗಿನ ದ್ರವ 8 ಪಟ್ಟಾಗುತ್ತದೆ. ಶಾಖ ಹೊರಹೋಗಬೇಕಾದ ಮೈ ಮಾತ್ರ 4 ಪಟ್ಟು. ಉಳಿದ ಕಾವು ಎಲ್ಲಿಗೆ ಹೋದೀತು?

“ಅಣ್ಣ, ಅದಕ್ಕೇ ಈಗ ಪಾತ್ರೆ ಬಿಟ್ಟು ಕೊಳವೆ ಹಿಡಿಯುತ್ತಿದ್ದಾರೆ” ಎಂದನು ತಮ್ಮ. ಪ್ರಯೋಗಾಲಯದ ಯಂತ್ರದಲ್ಲಿ ಎರಡು ಪಂಪುಗಳು ಎರಡು ದ್ರವಗಳನ್ನು ತಳ್ಳುತ್ತವೆ. ಅವು ಕವಲಿನಲ್ಲಿ ಕೂಡಿ, ಮಿಲಿಮೀಟರಿನಷ್ಟು ಸಪೂರವಾದ ಸುರುಳಿಕೊಳವೆಯಲ್ಲಿ ಹರಿಯುತ್ತಲೇ ಬೆರೆತು, ಮಾರ್ಪಟ್ಟು, ಮತ್ತೊಂದು ತುದಿಯಲ್ಲಿ ಹೊಸ ವಸ್ತುವಾಗಿ ಹೊರಬರುತ್ತವೆ. ಯಾವ ಕ್ಷಣದಲ್ಲಿಯೂ ಒಳಗಿರುವುದು ಬೊಗಸೆಗೂ ಕಡಿಮೆ. ಕೆಟ್ಟರೆ ಕೆಡುವುದೂ ಅಷ್ಟೇ. ಹಗಲಿರುಳು ಹರಿದರೆ ಹನಿಗೂಡಿ ಹಳ್ಳವಾಗುತ್ತದೆ. ನೈಟ್ರೋಗ್ಲಿಸರಿನ್ ತಯಾರಿಕೆಯೂ ಇಪ್ಪತ್ತನೆಯ ಶತಮಾನದಲ್ಲಿ ಈ ನಿರಂತರ ಹರಿವಿನ ಹಾದಿಗೆ ತಿರುಗಿತು.

ಹರಿವಿನ ಉಪಕಾರ ಅಪಾಯ ತಗ್ಗಿಸುವುದಷ್ಟೇ ಅಲ್ಲ. ಮಲೇರಿಯಾಕ್ಕೆ ಮದ್ದಾದ ಆರ್ಟಿಮಿಸಿನಿನ್ ಒಂದು ಗಿಡದಿಂದ ದೊರೆಯುವ ವಸ್ತು. ಅದನ್ನು ಕಂಡುಹಿಡಿದ ಚೀನಾದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮದ್ದು ತೆಗೆದು ಉಳಿದ ತ್ಯಾಜ್ಯದಲ್ಲಿ ಇರುವ ಆಮ್ಲವೊಂದನ್ನು ಬೆಳಕು, ಆಮ್ಲಜನಕಗಳ ನೆರವಿನಿಂದ ಅದೇ ಮದ್ದಾಗಿಸಬಹುದು. ಆದರೆ ದೊಡ್ಡ ಪಾತ್ರೆಯ ಆಳಕ್ಕೆ ಬೆಳಕು ಇಳಿಯದು. ಜರ್ಮನಿಯ ಪೀಟರ್ ಸೀಬರ್ಗರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಉಪಾಯ ಎಷ್ಟು ಸರಳ! ದೀಪದ ಸುತ್ತ ಪಾರದರ್ಶಕವಾದ ತೆಳುಕೊಳವೆಯನ್ನು ಸುತ್ತಿ, ದ್ರವವನ್ನು ಅದರೊಳಗೆ ಹರಿಯಬಿಟ್ಟರು. ಹನಿಹನಿಗೂ ಬೆಳಕು ದಕ್ಕಿತು.

ಕೊಳವೆಯೇನೂ ಸರ್ವಸಿದ್ಧಿಯ ಮಂತ್ರವಲ್ಲ. ದ್ರವದಲ್ಲಿ ಹರಳುಗಟ್ಟಿದರೆ, ಬಚ್ಚಲಿನ ತೂಬಿನಂತೆ ಅದೂ ಕಟ್ಟಿಕೊಳ್ಳುತ್ತದೆ. ಹಳೆಯ ಪಾತ್ರೆಗಳನ್ನು ಒಮ್ಮೆಗೇ ಎಸೆಯಲು ಯಜಮಾನರ ಮನಸ್ಸೂ ಒಪ್ಪದು. ತಮ್ಮನ ಕಾರ್ಖಾನೆಯಲ್ಲಿ ಇನ್ನೂ ಕೊಪ್ಪರಿಗೆಗಳದೇ ದರ್ಬಾರು. ಕೊಳವೆಯ ಯಂತ್ರ ಈಗಷ್ಟೇ ಒಂದು ಮೂಲೆಯಲ್ಲಿ ಬಂದು ಕುಳಿತಿದೆಯಂತೆ.

ಸ್ಥಾವರ, ಜಂಗಮ ಎಂಬ ಪದಗಳನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆ ಮೂಲೆಯ ಜಂಗಮ ಬೇಗ ಬೆಳೆದು, ಅತ್ಯಂತ ಅಪಾಯದ ಕೆಲಸವನ್ನು ಎಲ್ಲಕ್ಕಿಂತ ಮೊದಲು ವಹಿಸಿಕೊಳ್ಳಲಿ. ಪಾಳಿಯವರ ತಾಯಂದಿರು ನಿಶ್ಚಿಂತೆಯಿಂದ ಮಲಗಲಿ.