ಅರವತ್ತು ದಾಟಿದ ಮೇಲೆ ಸರಳೆ: ಜಗಲಿಯ ಟಿಪ್ಪಣಿಗಳು

ಮಗಳನ್ನು ವೀಣೆ ಪಾಠಕ್ಕೆ ಬಿಟ್ಟು ಜಗಲಿಯಲ್ಲಿ ಕಾಯುವ ಅಪ್ಪಂದಿರಿಗೆ ಮೊಬೈಲು ಉಜ್ಜುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮೈಸೂರಿನ ಈ ಮನೆಯಲ್ಲಿ ನನಗೊಂದು ಕೆಲಸ ಸಿಕ್ಕಿದೆ. ಮಕ್ಕಳ ಬ್ಯಾಚಿಗೆ ಮುಂಚೆ ಇಲ್ಲಿ ನಡೆಯುವುದು ಹಿರಿಯರ ಬ್ಯಾಚು. ಬ್ಯಾಂಕ್ ಮ್ಯಾನೇಜರ್ ಆಗಿದ್ದವರೊಬ್ಬರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಡಂ ಒಬ್ಬರು, ಮೊಮ್ಮಕ್ಕಳನ್ನು ಸಾಕಿ ಶಾಲೆಗೆ ಹಚ್ಚಿ ಈಗ ಬಿಡುವಾದ ಒಬ್ಬ ಅಜ್ಜಿ. ತಮ್ಮ ತಮ್ಮ ಕೆಲಸದಲ್ಲಿ ಗಟ್ಟಿಗರು ಅನ್ನಿಸಿಕೊಂಡವರೇ ಎಲ್ಲ. ಇಂಥವರು ಕೈಯಿಂದ ಫೀಸು ಕೊಟ್ಟು, ಜಗಲಿಯವರಿಗೆಲ್ಲ ಕೇಳುವಂತೆ, ತಪ್ಪು ತಪ್ಪಾಗಿ ನುಡಿಸಲು ಯಾಕೆ ಬರುತ್ತಾರೆ?

ಪಾಠ. ಹತ್ತು ವರ್ಷದ ಹುಡುಗಿಗೂ ಮ್ಯಾನೇಜರಿಗೂ ಒಂದೇ ಪಾಠ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ. ಆಮೇಲೆ ಮಲಹರಿಯ ಗೀತೆಗಳು. ಪುರಂದರದಾಸರು ಹಾಕಿಕೊಟ್ಟದ್ದು ಎನ್ನುವ ಈ ದಾರಿಯಲ್ಲಿ ಹಿರಿಯ ನಾಗರಿಕರಿಗೆ ರಿಯಾಯಿತಿ ಇಲ್ಲ. ಮೂರು ಕಾಲದಲ್ಲೂ ನುಡಿಸಬೇಕು: ಆದಿತಾಳದ ಒಂದೊಂದು ಎಣಿಕೆಗೆ ಮೊದಲ ಕಾಲದಲ್ಲಿ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮಕ್ಕಳು ಮೊದಲ ಕಾಲದಲ್ಲಿ ಆಕಳಿಸಿ ಮೂರನೆಯದಕ್ಕೆ ಓಟ ಕೀಳುತ್ತವೆ. ಹಿರಿಯರದು ಉಲ್ಟಾ. ಮೊದಲ ಕಾಲದಲ್ಲಿ ಒಂದು ಸ್ವರ ಮೀಟಿ, ಅದರ ನಾದ ಇಳಿಯುವವರೆಗೂ ಕೇಳುತ್ತಾರೆ. ಮೂರನೆಯ ಕಾಲ ಬಂತೆಂದರೆ ಬಲಗೈಗೂ ಎಡಗೈಗೂ ಮಾತು ಬಿಟ್ಟುಹೋಗುತ್ತದೆ.

ಮೈ. ಚಕ್ಕಳಮಕ್ಕಳ ಹಾಕಿ ಕೂರಲು ಮೊಣಕಾಲು ಒಪ್ಪದವರಿಗೆ ಕುರ್ಚಿ, ವೀಣೆಗೆ ಎದುರಿಗೊಂದು ತಗ್ಗು ಮೇಜು. ಆಮೇಲೆ ಕನ್ನಡಕದ ತಕರಾರು. ಓದುವ ಭಾಗದಿಂದ ನೋಡಿದರೆ ನೆಲದ ಮೇಲಿಟ್ಟ ಸ್ವರದ ಪುಸ್ತಕ ಮಸುಕು. ತಲೆ ಬಗ್ಗಿಸಿ ಮೇಲಿನ ಭಾಗದಿಂದ ನೋಡುವಷ್ಟರಲ್ಲಿ 24 ಮೆಟ್ಟಿಲುಗಳಲ್ಲಿ ಬೆರಳು ಎಲ್ಲಿತ್ತೆಂಬುದೇ ಮರೆತಿರುತ್ತದೆ. ಗಣಿತದ ಮೇಡಂ ಒಮ್ಮೆ ನನ್ನ ಮುಂದೆ ಎರಡೂ ಕೈ ಚಾಚಿದರು. ಬಲಗೈಯ ನಡುಬೆರಳಲ್ಲಿ ಪೆನ್ನು ಹಿಡಿದು ಎದ್ದ ಹಳೆಯ ಗಂಟು. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ತಂತಿ ಕೊರೆದ ಕಪ್ಪು ಗೆರೆಗಳು, ಅವುಗಳ ಸುತ್ತ ಒರಟಾದ ಚರ್ಮ. “ಇದು ಸರ್ಕಾರ ಕೊಟ್ಟಿದ್ದು, ಇದು ನಾನೇ ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದು” ಎಂದರು.

ವಿಜಯದಶಮಿ. ಪಾಠ ಹೇಳುವಾಕೆಗೆ ಮೂವತ್ತರ ಆಸುಪಾಸು. ಅಂದು ವೀಣೆಗಳಿಗೆಲ್ಲ ಹೂವು ಏರಿಸಿ ಪೂಜೆ ಆಗಿತ್ತು. ಮಕ್ಕಳು ಸಾಲಾಗಿ ಬಂದು ಕಾಲಿಗೆರಗಿದರು. ಕೊನೆಗೆ ಮ್ಯಾನೇಜರು ಶಲ್ಯ ಸೊಂಟಕ್ಕೆ ಸುತ್ತಿ ಬಗ್ಗಿದ್ದೇ ತಡ, ಆಕೆ ಹಿಂದಕ್ಕೆ ಹಾರಿದರು. “ಅಯ್ಯೋ ಬೇಡಿ ಸರ್, ವೀಣೆಗೆ ಮಾಡಿ.” “ವೀಣೆಗೂ ಮಾಡಿದೆ ಮೇಡಂ. ತಪ್ಪು ತಿದ್ದೋದು ವೀಣೆಯಲ್ಲ, ನೀವು” ಎಂದು ಅವರು ನಮಸ್ಕರಿಸಿಯೇ ಎದ್ದರು. ಒಂದು ಕಾಲಕ್ಕೆ ಇವರ ಸಹಿಗಾಗಿ ಎಷ್ಟು ಜನ ಬಾಗಿಲಲ್ಲಿ ನಿಂತಿದ್ದರೋ!

ಆರೋಗ್ಯ. ಮರೆವು ಬಾರದಿರಲಿ ಎಂದಿರಬಹುದೆ? 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 60ರಿಂದ 85ರ ವಯಸ್ಸಿನವರಿಗೆ ಆರು ತಿಂಗಳು ಪಿಯಾನೊ ಕಲಿಸಿದ್ದರು; ಗಮನ ಮತ್ತು ಚುರುಕನ್ನು ಅಳೆಯುವ ಕೆಲವು ಪರೀಕ್ಷೆಗಳಲ್ಲಿ ಅವರು ಸುಧಾರಿಸಿದ್ದರು. ಗಣಿತದ ಮೇಡಂಗೆ ಇದನ್ನು ಹೇಳಿದೆ. “ಅದಕ್ಕಾದ್ರೆ ಸುಡೊಕು ಸಾಕಿತ್ತಲ್ಲಪ್ಪ” ಎಂದು ಪುಸ್ತಕ ಮಡಚಿದರು.

ಜೊತೆ. ಹಾಗಾದರೆ ನಾಲ್ಕು ಜನರ ಒಡನಾಟಕ್ಕೆ? ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ 1991ರಲ್ಲಿ ರಾಯ್ ಅರ್ನ್‌ಸ್ಟ್ ಎಂಬ ಪ್ರಾಧ್ಯಾಪಕರು ಹಿರಿಯ ವಯಸ್ಸಿನವರಿಗೆಂದೇ ಒಂದು ಬ್ಯಾಂಡ್ ಕಟ್ಟಿದರು. ಅಂಥವು ಆಮೇಲೆ ಊರೂರಲ್ಲಿ ಹುಟ್ಟಿದವು. ಬ್ಯಾಂಡಿನಲ್ಲಿ ಒಬ್ಬರ ತಪ್ಪು ಗುಂಪಿನಲ್ಲಿ ಅಡಗುತ್ತದೆ. ವೀಣೆಯಲ್ಲಿ ಅಡಗಲು ಜಾಗವೇ ಇಲ್ಲ. ಇಲ್ಲಿ ಒಬ್ಬೊಬ್ಬರೇ ನುಡಿಸಿ ಒಪ್ಪಿಸಬೇಕು, ಮಿಕ್ಕವರು ಸುಮ್ಮನೆ ಕೂತು ಕೇಳಬೇಕು.

ಕಿವಿ. ಇಲ್ಲಿಯೇ ಒಗಟಿನ ಗಂಟು ಇದೆ. ಮಕ್ಕಳ ಕೈ, ಕಿವಿ ಎರಡೂ ಒಟ್ಟಿಗೆ ಬೆಳೆಯುತ್ತವೆ. ಮ್ಯಾನೇಜರ ಕಿವಿ ಎಂದೋ ಹಣ್ಣಾಗಿದೆ. ಆಕಾಶವಾಣಿಯ ಶನಿವಾರ ರಾತ್ರಿಯ ಸಂಗೀತ, ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಉತ್ಸವದ ಕಛೇರಿಗಳು, ದೊರೆಸ್ವಾಮಿ ಅಯ್ಯಂಗಾರರ (1920–1997) ವೀಣೆ, ಎಲ್ಲವೂ ಅದರಲ್ಲಿವೆ. ಗಮಕ ಬಂದಾಗ ತಂತಿಯನ್ನು ಮೆಟ್ಟಿಲ ಮೇಲೇ ಪಕ್ಕಕ್ಕೆ ಎಳೆದು ಮೇಲಿನ ಸ್ವರ ಹುಟ್ಟಿಸಬೇಕು. ಎಷ್ಟು ಎಳೆಯಬೇಕೆಂದು ಮೆಟ್ಟಿಲು ಹೇಳುವುದಿಲ್ಲ, ಕಿವಿಯೇ ಹೇಳಬೇಕು. ನನ್ನ ಮಗಳ ಎಳೆತ ಅರ್ಧಕ್ಕೆ ನಿಂತರೂ ಅವಳು ನಗುತ್ತ ಮುಂದಕ್ಕೆ ಹೋಗುತ್ತಾಳೆ. ಮ್ಯಾನೇಜರದು ಕೂದಲೆಳೆ ಕಡಿಮೆಯಾದರೂ, ಪಾಠ ಹೇಳುವಾಕೆ ಬಾಯಿ ತೆರೆಯುವ ಮೊದಲೇ, ಅವರ ಮುಖ ಹಾಗಲಕಾಯಿ ಜಗಿದ ಹಾಗಾಗುತ್ತದೆ. ತನ್ನ ತಪ್ಪು ಇಷ್ಟು ಚೆನ್ನಾಗಿ ಕೇಳಿಸುವವರು ಎಲ್ಲರಿಗಿಂತ ಮೊದಲು ಬಿಟ್ಟು ಹೋಗಬೇಕಿತ್ತು. ಇವರು ಒಂದು ಪಾಠವನ್ನೂ ತಪ್ಪಿಸುವುದಿಲ್ಲ.

ಕಛೇರಿ. ಇತ್ತೀಚೆಗೆ ಒಂದು ವೀಣೆ ಕಛೇರಿಯಲ್ಲಿ ಮ್ಯಾನೇಜರು ಸಿಕ್ಕರು. ಮೊದಲೆಲ್ಲ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರಂತೆ. ಇದು ಅವರ ಶ್ರೀಮತಿಯವರ ದೂರು. ಈಗ ಮುಂದಿನ ಸಾಲು, ಅದೂ ಕಲಾವಿದರ ಎಡಗೈ ಕಾಣುವ ಪಕ್ಕ. ಆಲಾಪನೆಯಲ್ಲಿ ಒಂದು ಉದ್ದನೆಯ ಎಳೆತಕ್ಕೆ ಸಭೆಯೆಲ್ಲ ತಲೆದೂಗಿತು. ಇವರು ತಲೆದೂಗಲಿಲ್ಲ, ತಮ್ಮ ಎಡಗೈ ಬೆರಳು ನೋಡಿಕೊಂಡರು. “ಐವತ್ತು ವರ್ಷದಿಂದ ಕೇಳ್ತಿದ್ದೀನಿ ಸ್ವಾಮಿ, ಇದು ಇಷ್ಟು ಕಷ್ಟ ಅಂತ ಗೊತ್ತೇ ಇರ್ಲಿಲ್ಲ!” ಹೇಳುವಾಗ ಮುಖದಲ್ಲಿ ಲಾಟರಿ ಹೊಡೆದ ಸಂತೋಷ. ಇವರ ಲೆಕ್ಕ ನನಗೆ ಹೊಂದಿತು. ಕೈ ಎಲ್ಲಿಗೆ ತಲುಪಿದರೂ ತಲುಪದಿದ್ದರೂ ಕಿವಿಗೆ ಬಡ್ಡಿ ಬರುತ್ತಿದೆ.

ಅಜ್ಜಿ. ಆದರೆ ಈ ಲೆಕ್ಕಕ್ಕೆ ಅಜ್ಜಿ ಸಿಗುವುದಿಲ್ಲ. ಅವರು ಕಛೇರಿಗೆ ಹೋಗುವವರಲ್ಲ, ರೇಡಿಯೋ ಕೇಳಿದವರೂ ಅಲ್ಲ. ಮಗ ಕರೆದೊಯ್ಯಲು ಬರುವವರೆಗೆ ನನ್ನ ಪಕ್ಕ ಕೂತಿದ್ದಾಗ ನೇರವಾಗಿ ಕೇಳಿಯೇಬಿಟ್ಟೆ. “ನಾನು ಮಾಡಿದ ಕೆಲಸಕ್ಕೆಲ್ಲ ಯಾರಾದರೊಬ್ಬರು ಕಾಯ್ತಾನೇ ಇದ್ರು ಕಣಪ್ಪ. ತಿಂಡಿ ಆಯ್ತಾ, ಊಟ ಆಯ್ತಾ, ಬಟ್ಟೆ ಒಣಗ್ತಾ ಅಂತ. ಈ ಗೀತೆ ನನಗೆ ಇವತ್ತು ಬಂದ್ರೂ ಅಷ್ಟೇ, ಮುಂದಿನ ವರ್ಷ ಬಂದ್ರೂ ಅಷ್ಟೇ. ಯಾರೂ ಕಾಯ್ತಿಲ್ಲ.”

ಹಾಗಿದ್ದರೆ ಸಂಗೀತದ ಜೂನಿಯರ್ ಪರೀಕ್ಷೆಗೆ ನನ್ನ ಮಗಳ ಜೊತೆ ಅರ್ಜಿ ತುಂಬಿದ್ದು ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಮಗನ ಸ್ಕೂಟರು ಬಂತು.