ಬಲೆ ಸರಿಮಾಡುವವರ ಬಳಿ ಒಂದು ಭಾನುವಾರ



ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಇಗರ್ಜಿಯ ಹಿತ್ತಲಲ್ಲಿ ಒಂದು ಕೇರೆ ಹಾವು ಸತ್ತು ಬಿದ್ದಿತ್ತು. ಅಲಸಂಡೆ ಸಾಲಿಗೆ ನವಿಲು ಬಾರದಿರಲೆಂದು ನಾವೇ ಸುತ್ತ ಕಟ್ಟಿಸಿದ್ದ ಹಳೆಯ ಮೀನುಬಲೆ ಅದರ ಮೈಗೆ ಬಿಗಿದುಕೊಂಡಿತ್ತು. ಕಡಪ್ಪುರದ ಮೊಗವೀರ ಅಜ್ಜನೊಬ್ಬರು ಧರ್ಮಕ್ಕೆ ಕೊಟ್ಟ ಬಲೆ ಅದು. ಹಳೆಯದಕ್ಕೆ ಹೊಸ ಉಪಯೋಗ ಎಂದು ಪ್ರಸಂಗದಲ್ಲೂ ಅದರ ಬಗ್ಗೆ ಹೊಗಳಿ ಮಾತನಾಡಿದ್ದೆವು. ಈಗ ಕ್ರಿಸ್ತೋಪದೇಶ ತರಗತಿಯ ಮಕ್ಕಳು ಸುತ್ತ ನಿಂತು, "ಫಾದರ್, ಇದು ಇಲಿ ತಿನ್ನುವ ಹಾವಲ್ಲವೇ? ಏನು ತಪ್ಪು ಮಾಡಿತ್ತು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ, ಆ ಬಲೆಯನ್ನು ಸುತ್ತಿ ಹೊತ್ತುಕೊಂಡು, ಹತ್ತು ಮಕ್ಕಳೊಂದಿಗೆ ನಾವು ಕೊಯಿಪ್ಪಾಡಿಗೆ ಹೊರಟೆವು.

ಕುಂಬಳೆ ಪೇಟೆಯಿಂದ ಕಡಲಿನತ್ತ ನಡೆದರೆ ಕೊಯಿಪ್ಪಾಡಿ ಕಡಪ್ಪುರ. ತುಳು, ಮಲಯಾಳ, ಕನ್ನಡ ಮೂರೂ ಒಂದೇ ಅಂಗಳದಲ್ಲಿ ಕೇಳಿಬರುವ ಊರು. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಸಣ್ಣ ದೋಣಿಗಳಿಗೆ ಆ ನಿಷೇಧವಿಲ್ಲದಿದ್ದರೂ ಕಡಲು ಕೆರಳಿದ ದಿನ ಅವೂ ದಡದಲ್ಲೇ ಇರುತ್ತವೆ. ಹಾಗಾಗಿ ತೆಂಗಿನ ಮರಗಳ ನಡುವಿನ ಚಪ್ಪರದಲ್ಲಿ ಬಲೆ ಸರಿಮಾಡುವ ಕೆಲಸ ಸಾಗಿತ್ತು. ಅಜ್ಜ ಕಾಲು ಚಾಚಿ ಕುಳಿತು, ಹೆಬ್ಬೆರಳಿಗೆ ಬಲೆ ಸಿಕ್ಕಿಸಿ, ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಿದ್ದರು. ಸಂಗತಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೆಂದರು: "ನೈಲಾನು ಅಲ್ಲವಾ ಫಾದ್ರೇ, ಅದು ಸಾಯುವುದಿಲ್ಲ. ನಾವು ಬಿಸಾಡಿದರೂ ಹಿಡಿಯುತ್ತಲೇ ಇರುತ್ತದೆ."

ಅವರ ತಂದೆಯ ಕಾಲದಲ್ಲಿ ಹತ್ತಿನೂಲಿನ ಬಲೆ. ಮಲಯಾಳದಲ್ಲಿ ಪನಚ್ಚಿ ಎನ್ನುವ ಮರದ ಕಾಯಿ ಜಜ್ಜಿ, ಅದರ ಒಗರು ರಸದಲ್ಲಿ ಅದ್ದಿ ಒಣಗಿಸದಿದ್ದರೆ ಬಲೆ ಬೇಗ ಕೊಳೆಯುತ್ತಿತ್ತು. ಆದರೆ ಕಡಲಲ್ಲಿ ಕಳೆದುಹೋದರೂ ಹಾಗೆಯೇ ಕೊಳೆತು ಹೋಗುತ್ತಿತ್ತು. ನೈಲಾನು ಬಲೆ ಕಳೆದುಹೋದರೆ ಒಡೆಯನಿಲ್ಲದೆ ವರ್ಷಗಟ್ಟಲೆ ಮೀನು ಹಿಡಿಯುತ್ತದೆ. ಸತ್ತ ಮೀನಿನ ಆಸೆಗೆ ಬಂದ ಇನ್ನೊಂದು ಜೀವಿಯೂ ಅದರಲ್ಲೇ ಸಾಯುತ್ತದೆ. ನಮ್ಮದೇ ಜಿಲ್ಲೆಯ ನೀಲೇಶ್ವರ ಸಮೀಪದ ತೈಕಡಪ್ಪುರದ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಕಡಲಾಮೆಗಳಿಗೂ ಇಂಥ ಬಲೆಗಳೇ ಉರುಳು.

ಹಾಗಾದರೆ ಬಲೆಯನ್ನು ಇಡುವುದು ಹೇಗೆ? ಅಜ್ಜನ ಚಪ್ಪರವೇ ಪಾಠ. ಬಲೆಯನ್ನು ಸಿಹಿನೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ, ಇಲಿ ಸೇರದಂತೆ ಎತ್ತರದ ಕೋಲಿಗೆ ತೂಗುಹಾಕಿದ್ದರು. ನೈಲಾನನ್ನು ಹೆಚ್ಚು ಕೆಡಿಸುವುದು ಬಿಸಿಲು. ಗಾಳಗಳನ್ನು ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬೆಂಡಿನ ತುಂಡಿಗೆ ಚುಚ್ಚಿ ಡಬ್ಬಿಯಲ್ಲಿಟ್ಟಿದ್ದರು. ಮೊಂಡಾದದ್ದಕ್ಕೆ ಅರ, ತುಕ್ಕು ಕೊರೆದದ್ದು ಬೇರೆ ಡಬ್ಬಿಗೆ. ಹಳೆಯ ತಂಗೂಸಿಯನ್ನು ಬೆರಳುದ್ದ ಕತ್ತರಿಸಿ ಚೀಲ ಸೇರಿಸುತ್ತಾರೆ. ಉದ್ದಕ್ಕೆ ಬಿಸಾಡಿದರೆ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ನಮ್ಮ ಜೊತೆಗಿದ್ದ ಹುಡುಗನೊಬ್ಬ ರಜೆಯಲ್ಲಿ ಶಿರಿಯ ಹೊಳೆಯಲ್ಲಿ ಗಾಳ ಹಾಕುವವನು. ಅವನ ಪೆಟ್ಟಿಗೆಯಲ್ಲಿ ಅಂಗಡಿಯ ಹುಸಿಮೀನುಗಳು. ರಬ್ಬರಿನಂಥವು ಕರಗಿ ಗಟ್ಟಿ ಪ್ಲಾಸ್ಟಿಕ್ಕಿನವಕ್ಕೆ ಅಂಟಿಹೋಗಿದ್ದವು. ಅವುಗಳನ್ನು ಮೆದುವಾಗಿಸಲು ಬೆರೆಸಿದ ದ್ರವ್ಯ ಮತ್ತೊಂದು ಪ್ಲಾಸ್ಟಿಕ್ಕಿಗೆ ತಗಲಿದರೆ ಹಾಗಾಗುತ್ತದೆ. ಆದ್ದರಿಂದ ಅವನ್ನು ಕೊಂಡ ಚೀಲದಲ್ಲೇ ಬೇರೆಯಾಗಿ ಇಡಬೇಕು. ಗಟ್ಟಿ ಹುಸಿಮೀನಿನ ಗಾಳ ತುಕ್ಕು ಹಿಡಿದರೆ ಮೀನನ್ನೇ ಎಸೆಯಬೇಕಿಲ್ಲ; ಗಾಳ ಬದಲಿಸಿದರೆ ಸಾಕು.

ಅದೇ ಹುಡುಗ, ಹಳೆಯ ಸೀಸದ ಗುಂಡುಗಳನ್ನು ಅಡುಗೆ ಒಲೆಯಲ್ಲಿ ಕರಗಿಸಿ ಹೊಸದು ಎರೆಯುವುದಾಗಿ ಹೆಮ್ಮೆಯಿಂದ ಹೇಳಿದಾಗ ನಮ್ಮ ಎದೆ ಝಲ್ಲೆಂದಿತು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಮನೆಯ ಬೆಂಕಿ ಸಾಕು. ಆದರೆ ಅದರ ಹೊಗೆ ಮತ್ತು ಧೂಳು ಮಕ್ಕಳ ಮಿದುಳಿಗೆ ವಿಷ. ತಾಯಂದಿರೇ, ದಯವಿಟ್ಟು ಇದನ್ನು ಗಮನಿಸಿರಿ. ಅಜ್ಜ ಕರಗಿಸುವುದೇ ಇಲ್ಲ. ಹಳೆಯ ಬಲೆಯ ಗುಂಡುಗಳನ್ನು ಬಿಚ್ಚಿ ಹಾಗೆಯೇ ಹೊಸ ಬಲೆಗೆ ಪೋಣಿಸುತ್ತಾರೆ, ಆಮೇಲೆ ಸೋಪು ಹಾಕಿ ಕೈ ತೊಳೆಯುತ್ತಾರೆ.

ಕೊನೆಗೆ ನಮ್ಮ ಬಲೆಯನ್ನು ಬಿಡಿಸಿದರು. ಗಟ್ಟಿಯಿದ್ದ ಭಾಗವನ್ನು ತೇಪೆಗೆಂದು ಕತ್ತರಿಸಿಟ್ಟುಕೊಂಡರು. ಇನ್ನೊಂದು ತುಂಡನ್ನು ಬಾವಿಯ ಬಾಯಿಗೆ ಬಿಗಿಯಾಗಿ ಎಳೆದು ಕಟ್ಟಲು ಹೇಳಿದರು. "ನೆಲಕ್ಕೆ ತಾಗಿ ಸಡಿಲ ಬಿಡಬೇಡಿ, ಅಷ್ಟೇ." ಉಳಿದ ಚಿಂದಿಯನ್ನು ನಾವು ಮರಳಿ ತಂದೆವು. ನೈಲಾನು ಬಲೆಯನ್ನು ಕರಗಿಸಿ ಮತ್ತೆ ನೂಲು ಮಾಡುವ ಕಾರ್ಖಾನೆಗಳು ಜಗತ್ತಿನಲ್ಲಿವೆ. ನಮ್ಮ ಕೊಲ್ಲಂ ಜಿಲ್ಲೆಯ ನೀಂಡಕರದಲ್ಲಿ 2017ರಲ್ಲಿ 'ಶುಚಿತ್ವ ಸಾಗರಂ' ಆರಂಭವಾದಾಗ, ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಮೀನುಗಾರರು ಕಡಲಿಗೆ ಮರಳಿ ಎಸೆಯದೆ ದಡಕ್ಕೆ ತಂದರು. ಅದನ್ನು ಪುಡಿಮಾಡಿ ರಸ್ತೆಯ ಡಾಮರಿಗೆ ಬೆರೆಸಲಾಯಿತು. ಇದೆಲ್ಲದಕ್ಕೂ ಮೊದಲು ಬೇಕಾದದ್ದು ಎಸೆಯದೆ ಕೂಡಿಡುವ ಮನಸ್ಸು.

ಮರಳುವ ದಾರಿಯಲ್ಲಿ ನಮಗೆ ಜೆಬೆದಾಯನ ಮಕ್ಕಳ ನೆನಪಾಯಿತು. ಪ್ರಭು ಕರೆದಾಗ ಯಕೋಬ ಮತ್ತು ಯೊವಾನ್ನ ದೋಣಿಯಲ್ಲಿ ಬಲೆ ಸರಿಮಾಡುತ್ತಿದ್ದರೆಂದು ಶುಭಸಂದೇಶ ಹೇಳುತ್ತದೆ. ಅವರು ಎಲ್ಲವನ್ನೂ ಬಿಟ್ಟುಹೋದದ್ದನ್ನು ನಾವು ಎಷ್ಟೋ ಸಲ ಬೋಧಿಸಿದ್ದೇವೆ. ಕರೆ ಬಂದ ಗಳಿಗೆಯಲ್ಲಿ ಅವರ ಕೈ ಮಾಡುತ್ತಿದ್ದ ಕೆಲಸದ ಬಗ್ಗೆ ಒಮ್ಮೆಯೂ ಮಾತನಾಡಿರಲಿಲ್ಲ. ಹರಿದದ್ದನ್ನು ಹೆಣೆಯುವ ಕೈಗಳನ್ನೇ ಪ್ರಭು ಕರೆದರು.

ಈಗ ಇಗರ್ಜಿಯ ಜಗಲಿಯಲ್ಲಿ ಮಕ್ಕಳು ಒಂದು ಪೆಟ್ಟಿಗೆ ಇಟ್ಟಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿರುವ ಹಳೆಯ ಬಲೆ, ಗಾಳ, ತಂಗೂಸಿ, ಸೀಸದ ಗುಂಡು ಎಲ್ಲವನ್ನೂ ತನ್ನಿರಿ; ಗಾಳದ ಮೊನೆಗೆ ಬೆಂಡು ಚುಚ್ಚಿ ತನ್ನಿರಿ. ಅಜ್ಜ ಬಂದು ವಿಂಗಡಿಸಿಕೊಡಲು ಒಪ್ಪಿದ್ದಾರೆ. ಹಿತ್ತಲಿಗೆ ಬಿದಿರಿನ ಬೇಲಿ ಬಂದಿದೆ. ಅಲಸಂಡೆಯಲ್ಲಿ ಸ್ವಲ್ಪ ಪಾಲು ನವಿಲಿಗೆ ಹೋಗುತ್ತಿದೆ. ಹೋಗಲಿ.